ಹೆಬ್ಬಾತಿನ ಪುಡಿ

ಒಂದು ಕಾಲದಲ್ಲಿ ಸೀಮ್ ಮೋಲ್ ಬಾಯಿ ತೆರೆದರೆ ಮುಚ್ಚಿಸುವುದಕ್ಕೆ ಊಟದ ಗಂಟೆಯೇ ಹೊಡೆಯಬೇಕಾಗಿತ್ತು. ಈಗ ಹಾಗೆಂದರೆ ಝಾನ್‌ದಾಮಿನ ಕಾಲುವೆ ದಂಡೆಯ ಆ ಯಾರ್ಡಿನಲ್ಲಿ ಕೆಲಸಕ್ಕಿರುವ ಹೊಸಬರು ನಂಬುವುದಿಲ್ಲ. ಅವರಿಗೆ ಗೊತ್ತಿದ್ದ ಸೀಮ್ ಎಂದರೆ ಜಲ್ಲಿ ಸಾಗಿಸುವ ಬೆಲ್ಟಿನ ಪಕ್ಕದ ಗಾಜಿನ ಗೂಡಿನಲ್ಲಿ ಒಬ್ಬನೇ ಕುಳಿತು ಪರದೆ ನೋಡುವ, ಕೇಳಿದ್ದಕ್ಕೆ ತಲೆಯಾಡಿಸುವ, ನಿವೃತ್ತಿ ಹತ್ತಿರ ಬಂದಿದ್ದ ಒಬ್ಬ ಎತ್ತರದ ಮನುಷ್ಯ. ಸಂಭಾವಿತ. ಸಮಯಕ್ಕೆ ಬರುತ್ತಿದ್ದ, ಸಮಯಕ್ಕೆ ಹೋಗುತ್ತಿದ್ದ. ಇಂಥವರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಆ ಯಾರ್ಡಿಗೆ ಬರುವುದೆಲ್ಲ ಸತ್ತ ಕಟ್ಟಡಗಳು. ಹಳೆ ಶಾಲೆ, ಹಳೆ ಆಸ್ಪತ್ರೆ, ನಾಲ್ಕಂತಸ್ತಿನ ಫ್ಲ್ಯಾಟು, ಎಲ್ಲ ಕೆಡವಿಸಿಕೊಂಡು ತುಂಡುತುಂಡಾಗಿ ದೋಣಿಗಳಲ್ಲಿ ಬಂದು ಇಳಿಯುತ್ತವೆ. ಕ್ರಷರ್ ಅವನ್ನು ಅರೆದು ಜಲ್ಲಿ ಮಾಡುತ್ತದೆ. ನಮ್ಮದು ಬೆಟ್ಟವಿಲ್ಲದ ದೇಶ. ನಮ್ಮಲ್ಲಿ ಗುಡ್ಡ ಎಂದರೆ ಇಂಥ ಯಾರ್ಡಿನ ರಾಶಿಯೇ. ಒಂದು ಬೊಗಸೆ ಕಲ್ಲು ಬೇಕಾದರೂ ಹೊರದೇಶದಿಂದ ತರಿಸಬೇಕು. ಹಾಗಾಗಿ ಹಳೆ ಕಾಂಕ್ರೀಟಿನ ಜಲ್ಲಿಯನ್ನೇ ಮತ್ತೆ ಹೊಸ ಕಾಂಕ್ರೀಟಿಗೆ ಹಾಕುತ್ತೇವೆ. ಆದರೆ ಅದರಲ್ಲಿ ಇಟ್ಟಿಗೆ, ಮರ, ಗಾಜು ಬೆರೆತಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಜಿಪ್ಸಮ್ ಇರಬಾರದು. ಹಳೆ ಸೀಲಿಂಗಿನ ಜಿಪ್ಸಮ್ ಒಂದಿಷ್ಟು ಸೇರಿದರೂ ಸಾಕು, ಹೊಸ ಕಾಂಕ್ರೀಟು ಒಳಗೊಳಗೇ ಉಬ್ಬಿ ಬಿರುಕು ಬಿಡುತ್ತದೆ. ಶುದ್ಧವಾದ ಜಲ್ಲಿ ಹೋಗುವ ರಾಶಿಗೆ ಯಾರ್ಡಿನವರು ಮನೆ ರಾಶಿ ಅನ್ನುತ್ತಾರೆ. ಕೆಟ್ಟದ್ದು ರಸ್ತೆ ರಾಶಿಗೆ, ಅಂದರೆ ಡಾಂಬರಿನ ಅಡಿಗೆ.

ಮೊದಲು ಈ ಆರಿಸುವ ಕೆಲಸ ಕೈಯದ್ದಾಗಿತ್ತು. ಬೆಲ್ಟಿನ ಎರಡೂ ಬದಿ ಐದು ಜನ ನಿಂತು, ಓಡುವ ಜಲ್ಲಿಯಿಂದ ಬೇಡದ್ದನ್ನು ಹೆಕ್ಕಿ ಎಸೆಯುತ್ತಿದ್ದರು. ಸೀಮ್ ಮೀಸೆ ಮೂಡುವ ವಯಸ್ಸಿಗೇ ಅಲ್ಲಿ ಸೇರಿದ್ದ. ಕೈ ಬೆಲ್ಟಿನ ಮೇಲೆ, ಬಾಯಿ ಊರ ಮೇಲೆ. ಯಾರ ಭಾವ ದೋಣಿ ಮುಳುಗಿಸಿದ, ಯಾವ ತಂಡದ ಗೋಲ್‌ಕೀಪರ್ ಕುರುಡ, ಪಾದ್ರಿಯ ನಾಯಿ ಯಾರ ಕೋಳಿ ತಿಂದಿತು, ಇವೆಲ್ಲ ಇತ್ಯರ್ಥವಾಗುತ್ತಿದ್ದುದು ಆ ಧೂಳಿನಲ್ಲೇ. ಗದ್ದಲ ಎಷ್ಟಿತ್ತೆಂದರೆ ಮಾತಾಡಬೇಕಾದರೆ ಕಿರುಚಬೇಕು, ಕಿರುಚಿದ್ದು ಅರ್ಧ ಕೇಳಿಸಬೇಕು, ಕೇಳಿಸದ ಅರ್ಧಕ್ಕೆ ಜಗಳವಾಗಬೇಕು. ವರ್ಷಗಳು ಕಳೆದಂತೆ ಒಬ್ಬೊಬ್ಬರೇ ನಿವೃತ್ತರಾದರು, ಒಬ್ಬ ಸತ್ತ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಆಮೇಲೆ ಲೇಸರ್ ಬಂತು.

ಯಂತ್ರವನ್ನು ದೂರುವುದಕ್ಕೆ ಏನೂ ಇಲ್ಲ. ಐದು ಜೊತೆ ಕಣ್ಣು ಕಾಣದ್ದನ್ನು ಅದು ಕಾಣುತ್ತದೆ. ಬೆಲ್ಟಿನ ಮೇಲೆ ತೂಗುಹಾಕಿದ ಒಂದು ಕಪ್ಪು ಪೆಟ್ಟಿಗೆ. ಅದರೊಳಗಿಂದ ಲೇಸರ್ ಹೊಡೆತ ಜಲ್ಲಿಯ ಮೇಲೆ ಚಟಚಟ ಬೀಳುತ್ತದೆ. ಬಿದ್ದಲ್ಲಿ ಕಲ್ಲಿನ ಒಂದು ಕಣ ಉರಿದು ಕಿಡಿಯಾಗುತ್ತದೆ. ಆ ಕಿಡಿಯ ಬೆಳಕನ್ನು ಯಂತ್ರ ಬಣ್ಣಬಣ್ಣವಾಗಿ ಬಿಡಿಸಿ ಓದುತ್ತದೆ. ಇಟ್ಟಿಗೆಯ ಬೆಳಕು ಬೇರೆ, ಸಿಮೆಂಟಿನದು ಬೇರೆ, ಜಿಪ್ಸಮ್ಮಿನದು ಬೇರೆ. ಎಲ್ಲ ಸರಿಯಿದ್ದಷ್ಟು ಹೊತ್ತು ಪರದೆಯ ಮೇಲೆ ಹಸಿರು ಗೆರೆ ಓಡುತ್ತದೆ. ಜಿಪ್ಸಮ್ ಮಿತಿ ಮೀರಿದರೆ ಗೆರೆ ಕೆಂಪಾಗಿ ಗಂಟೆ ಹೊಡೆಯುತ್ತದೆ, ಬೆಲ್ಟಿನ ತುದಿಯ ಬಾಗಿಲು ತಾನೇ ರಸ್ತೆ ರಾಶಿಯ ಕಡೆ ತಿರುಗುತ್ತದೆ. ಸೀಮ್‌ನ ಕೆಲಸ ಇದನ್ನು ನೋಡುತ್ತ ಕುಳಿತಿರುವುದು. ಚಟಚಟ, ಹಸಿರು ಗೆರೆ, ಚಟಚಟ. ಮಾತಿಗೆ ಯಾರೂ ಇಲ್ಲ.

ಮನೆಯಲ್ಲಿ ಹೆಂಡತಿ ಆಫ್ಕೆ ಇದ್ದಷ್ಟು ದಿನ ಇದು ಅವನನ್ನು ಬಾಧಿಸಲಿಲ್ಲ. ಹಗಲಿಡೀ ಕೂಡಿಟ್ಟ ಮಾತನ್ನು ಸಂಜೆ ಅವಳ ಮುಂದೆ ಸುರಿಯುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ, ಆ ನೋವನ್ನು ಇಬ್ಬರೂ ಎಂದೋ ಪಕ್ಕಕ್ಕಿಟ್ಟಿದ್ದರು. ಆಫ್ಕೆ ಹಿತ್ತಲ ಶೆಡ್ಡಿನಲ್ಲಿ ಜಿಪ್ಸಮ್ ಕಲಸಿ ಅಚ್ಚಿಗೆ ಹೊಯ್ದು ಹೆಬ್ಬಾತುಗಳನ್ನು ಮಾಡುತ್ತಿದ್ದಳು. ನಮ್ಮ ಬೀದಿಗಳಲ್ಲಿ ಕಿಟಕಿಗೆ ಪರದೆ ಎಳೆಯುವುದಿಲ್ಲ. ಹೋಗಿಬರುವವರು ನೋಡಲೆಂದು ಕಿಟಕಿಯ ಕಟ್ಟೆಯ ಮೇಲೆ ಒಂದೇ ಥರದ ಎರಡೆರಡು ವಸ್ತು ಇಡುತ್ತೇವೆ: ಎರಡು ಹೂದಾನಿ, ಎರಡು ದೀಪ, ಎರಡು ಬಾತು. ಒಂದೇ ಇದ್ದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಆಫ್ಕೆಯ ಹೆಬ್ಬಾತುಗಳೂ ಜೋಡಿಯಲ್ಲೇ ಹುಟ್ಟುತ್ತಿದ್ದವು, ಕೊರಳಿಗೆ ನೀಲಿ ರಿಬ್ಬನ್ನಿನ ಗಂಟು ಬರೆಸಿಕೊಂಡು. ಬಿಳಿಗೆ ಯಾವ ಬಣ್ಣವಾದರೂ ಆದೀತು, ನೀಲಿಗೆ ಮಾತ್ರ ಅವಳು ಅಗ್ಗದ್ದನ್ನು ಮುಟ್ಟುತ್ತಿರಲಿಲ್ಲ.

"ಬಿಸಿಲಿಗೆ ಮಾಸೋ ನೀಲಿ ಬಳಿದ್ರೆ ಬಾತಿಗೆ ಅವಮಾನ ಕಣೋ," ಎನ್ನುತ್ತಿದ್ದಳು.

"ನಾನು ದಿನವಿಡೀ ಜಿಪ್ಸಮ್ ಆಚೆಗೆ ಹಾಕ್ತೀನಿ, ನೀನು ಮನೆ ತುಂಬ ತುಂಬ್ಕೋತೀಯ," ಎಂದು ಅವನು ರೇಗಿಸುತ್ತಿದ್ದ. "ನಿನ್ನ ಈ ಶೆಡ್ಡು ಕೆಡವಿದ್ರೆ ಇಡೀದಾಗಿ ರಸ್ತೆ ರಾಶಿಗೇ."

ಅವಳು ಹೋಗಿ ಎರಡು ಚಳಿಗಾಲ ಕಳೆದಿದ್ದವು. ಮಣ್ಣು ಮಾಡಿದ ದಿನ ಕಾಫಿ ಬಟ್ಟಲು, ಕೇಕಿನ ತುಂಡು ಹಿಡಿದುಕೊಂಡು ಎಲ್ಲರೂ ಅವನ ಹೆಗಲು ತಟ್ಟಿ ಒಂದೇ ಮಾತು ಹೇಳಿದರು: "ಸೀಮ್, ಒಂದಿನ ಮನೆಗೆ ಬಾರಯ್ಯ." ನಮ್ಮಲ್ಲಿ ಒಂದು ದಿನ ಎಂದರೆ ಯಾವ ದಿನವೂ ಅಲ್ಲ. ಬರಲಿ ಎಂದು ನಿಜವಾಗಿ ಅನ್ನಿಸಿದವರು ಅಲ್ಲೇ ಡೈರಿ ತೆಗೆದು ತಾರೀಕು, ಗಂಟೆ ಬರೆದುಕೊಳ್ಳುತ್ತಾರೆ. ಹಾಗೆ ಬರೆದುಕೊಳ್ಳದೆ ಯಾರೂ ಯಾರ ಮನೆಯ ಗಂಟೆಯನ್ನೂ ಒತ್ತುವುದಿಲ್ಲ. ಒತ್ತಿದರೆ ಒಳಗಿನವರು ಯಾರು ಸತ್ತರೋ ಎಂದು ಗಾಬರಿಯಾಗುತ್ತಾರೆ. ಸೀಮ್ ಎಲ್ಲರಿಗೂ ಆಗಲಿ ಎಂದ. ಯಾರೂ ಡೈರಿ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ. ಶನಿವಾರ ಅಂಗಡಿಯ ಕೌಂಟರಿನ ಹುಡುಗಿ "ರಸೀದಿ ಬೇಕಾ?" ಎಂದು ಕೇಳಿ ಇವನು "ಬೇಡ" ಎಂದರೆ, ಸೋಮವಾರದವರೆಗೆ ಅವನ ಬಾಯಿಂದ ಹೊರಟ ಮಾತು ಅದೊಂದೇ.

ಹಾಗಿರುವಾಗ ಒಮ್ಮೆ, ಎಲೆ ಉದುರುವ ಕಾಲದಲ್ಲಿ, ಯಂತ್ರದ ಗಂಟೆ ನಿಜವಾಗಿಯೇ ಹೊಡೆಯಿತು. ಹಳೆಯ ಸಿನಿಮಾ ಮಂದಿರವೊಂದು ಸೀಲಿಂಗ್ ಸಮೇತ ದೋಣಿಯಲ್ಲಿ ಬಂದಿತ್ತು. ಒಂದೇ ದಿನ ಗಂಟೆ ಮತ್ತೆ ಮತ್ತೆ ಹೊಡೆದರೆ, ಕೆಟ್ಟಿರುವುದು ಕಲ್ಲೋ ಯಂತ್ರವೋ ಎಂದು ನೋಡುವುದಕ್ಕೆ ಲೇಸರ್ ಕಂಪನಿಯವರು ಖುದ್ದಾಗಿ ಬರಬೇಕೆಂದು ಕರಾರು. ಹಾಗೆ ಬಂದವನು ಯೋರಿಸ್. ಡೆಲ್ಫ್ಟ್ ಕಡೆಯವನು, ನಲವತ್ತರ ಆಸುಪಾಸು, ಮೂರು ಹೆಣ್ಣುಮಕ್ಕಳ ತಂದೆ, ವ್ಯಾನಿನಿಂದ ಇಳಿಯುವ ಮೊದಲೇ ಮಾತು ಶುರು ಮಾಡುವ ಆಸಾಮಿ.

"ಏನ್ರೀ, ಇವಳು ಸುಳ್ಳು ಹೇಳ್ತಿದಾಳಾ?" ಎಂದು ಕಪ್ಪು ಪೆಟ್ಟಿಗೆಯ ಬೆನ್ನು ತಟ್ಟಿದ.

"ಸುಳ್ಳಲ್ಲ. ಸಿನಿಮಾ ಥಿಯೇಟರ್ ಬಂದಿದೆ," ಎಂದ ಸೀಮ್. "ಮತ್ತೆ ನನಗೆ ರೀ ಗೀ ಎಲ್ಲ ಬೇಡ. ಸೀಮ್ ಅಂದ್ರೆ ಸಾಕು."

"ಸರಿ ಸೀಮ್. ಯಾವ ಸಿನಿಮಾ ನಡೀತಿದೆ?"

ಸೀಮ್ ನಕ್ಕ. ತನ್ನ ನಗೆ ಕೇಳಿ ತಾನೇ ಒಂದು ಕ್ಷಣ ತಬ್ಬಿಬ್ಬಾದ.

ಇಬ್ಬರೂ ಸೇರಿ ಪೆಟ್ಟಿಗೆಯ ಗಾಜು ಒರೆಸಿದರು, ಯಾವ ವಸ್ತುವಿನದೆಂದು ಮೊದಲೇ ಗೊತ್ತಿರುವ ಮಾದರಿ ಬಿಲ್ಲೆಗಳನ್ನು ಒಂದೊಂದಾಗಿ ಲೇಸರಿನ ಕೆಳಗೆ ಹಿಡಿದು ಯಂತ್ರ ಸರಿಯಾಗಿ ಹೆಸರು ಹೇಳುತ್ತದೆಯೇ ಎಂದು ನೋಡಿದರು. ಆಮೇಲೆ ಗೂಡಿನಲ್ಲಿ ಕಾಫಿ. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವುದು ನಮ್ಮ ಜನದ ರೂಢಿ. ಸೀಮ್ ಮುಚ್ಚಳ ಹಾಕಲಿಲ್ಲ.

"ಡಬ್ಬಿ ಬಾಯಿ ಬಿಟ್ಕೊಂಡೇ ಇದೆಯಲ್ಲ ಮಾರಾಯ. ನಮ್ಮಮ್ಮ ನೋಡಿದ್ರೆ ಪೊಲೀಸ್ ಕರೀತಾಳೆ," ಎನ್ನುತ್ತ ಯೋರಿಸ್ ಮೂರನೆಯದಕ್ಕೆ ಕೈ ಹಾಕಿದ. ಅವನ ಮಧ್ಯದ ಮಗಳು ಈಜುಕೊಳದಲ್ಲಿ ಮೇಷ್ಟರನ್ನೇ ನೀರಿಗೆ ತಳ್ಳಿದ ಕಥೆ ಬಂತು. ಅದಕ್ಕೆ ಸೀಮ್ ಪಾದ್ರಿಯ ನಾಯಿಯ ಕಥೆ ಹೇಳಿದ. ಆ ಸಂಜೆ ಮನೆಗೆ ಹೋದಾಗ ಅವನ ಗಂಟಲು ನೋಯುತ್ತಿತ್ತು. ನೆಗಡಿಯೇನೋ ಎಂದುಕೊಂಡ. ಆಮೇಲೆ ಹೊಳೆಯಿತು, ಅಷ್ಟು ಮಾತಾಡಿದ್ದು ಅವಳು ಹೋದ ಮೇಲೆ ಅದೇ ಮೊದಲು.

ಮುಂದೆ ವಾರಗಟ್ಟಲೆ ಹಸಿರು ಗೆರೆ. ಪುರ್ಮರೆಂಡಿನ ಒಂದು ಶಾಲೆ ಬರತೊಡಗಿತ್ತು, ಅದರ ಜಲ್ಲಿ ಅಷ್ಟು ಚೊಕ್ಕಟ. ಸೀಮ್‌ಗೆ ಹಸಿರು ನೋಡಿದರೇ ಮೈ ಉರಿಯುವಂತಾಯಿತು. ಒಂದು ಭಾನುವಾರ ಶೆಡ್ಡಿಗೆ ಹೋದಾಗ ಕಾಲಿಗೆ ಏನೋ ತಾಗಿತು. ಅಚ್ಚಿನಿಂದ ತೆಗೆಯುವಾಗಲೇ ಕತ್ತು ಮುರಿದ, ಬಣ್ಣ ಕಾಣದ ಒಂದು ಹೆಬ್ಬಾತು. ಹೇಗೂ ಮುರಿದದ್ದು, ಹೇಗೂ ಎಸೆಯುವುದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದನ್ನು ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿದ. ಮರುದಿನ ಬುತ್ತಿಯ ಡಬ್ಬಿಯಲ್ಲಿ ಬ್ರೆಡ್ಡಿನ ಪಕ್ಕದಲ್ಲಿ ಅದೂ ಯಾರ್ಡಿಗೆ ಹೋಯಿತು. ಬೆಲ್ಟು ಗೂಡಿನ ಕಿಟಕಿಯ ಕೆಳಗೇ ಹಾಯುತ್ತಿತ್ತು. ಕೈ ಚಾಚಿ ಒಂದೊಂದೇ ಹಿಡಿ ಉದುರಿಸಿದ. ಗೆರೆ ಕೆಂಪಾಯಿತು, ಗಂಟೆ ಮತ್ತೆ ಮತ್ತೆ ಹೊಡೆಯಿತು. ಮಧ್ಯಾಹ್ನದೊಳಗೆ ಯೋರಿಸ್‌ನ ವ್ಯಾನು ಗೇಟಿನಲ್ಲಿತ್ತು.

ಆಗ ಸೀಮ್ ಪಟ್ಟ ಸಂತೋಷವನ್ನು ಹಾಗೆಯೇ ಹೇಳಬೇಕು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವನು ಮದುವೆ ಮನೆಯವನಂತೆ ಓಡಾಡಿದ.

ಚಳಿಗಾಲ ಹೀಗೇ ಸಾಗಿತು. ಮುರಿದ ಬಾತು ಮುಗಿಯಿತು, ಬಣ್ಣ ಬಳಿಯದ ಬಾತುಗಳ ಸರದಿ ಬಂತು. ಹಳೆ ಪತ್ರಿಕೆಯಲ್ಲಿ ಜೋಡಿ ಜೋಡಿಯಾಗಿ ಸುತ್ತಿಟ್ಟಿದ್ದಳು ಆಫ್ಕೆ. ಸುತ್ತಿಗೆ ಎತ್ತುವ ಮೊದಲು ಅವನು ಪ್ರತಿ ಸಲ "ಕ್ಷಮಿಸೇ" ಅನ್ನುತ್ತಿದ್ದ, ಪ್ರತಿ ಸಲ ಕುಟ್ಟುತ್ತಿದ್ದ. ಯೋರಿಸ್ ಬರುವ ದಿನಕ್ಕೆಂದು ಹೊಗೆಯಾಡಿಸಿದ ಈಲ್ ಮೀನು ತಂದಿಡುತ್ತಿದ್ದ, ಅವನಿಗೆ ಇಷ್ಟವೆಂದು ಗೊತ್ತಾದ ಮೇಲೆ. ಯೋರಿಸ್ ಮಾತ್ರ ಯಂತ್ರವನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದ.

"ಇವಳು ಸರಿಯಾಗಿದಾಳೆ. ಗಾಜು ಸರಿ, ಬಿಲ್ಲೆ ಸರಿ. ಆ ಶಾಲೆ ಕೆಡವಿದವರು ಸೀಲಿಂಗ್ ಸರಿಯಾಗಿ ಕೆರೆದಿಲ್ಲ, ಅಷ್ಟೇ."

ಸೀಮ್ ಅವನ ತಟ್ಟೆಗೆ ಇನ್ನೊಂದು ತುಂಡು ಈಲ್ ಹಾಕಿದ. ಆ ಮಾತು ಯೋರಿಸ್‌ನ ವರದಿಗೂ ಹೋಯಿತು. ಪುರ್ಮರೆಂಡಿನ ಶಾಲೆಯ ಒಳ್ಳೆಯ ಜಲ್ಲಿ, ಸೀಮ್ ಬಾತಿನ ಪುಡಿ ಉದುರಿಸಿದ ದಿನಗಳಲ್ಲೆಲ್ಲ, ರಸ್ತೆ ರಾಶಿಗೆ ಬಿತ್ತು.

ಆ ಶಾಲೆಯನ್ನು ಕೆಡವುವ ಮೊದಲು ಅದರ ಸೀಲಿಂಗು, ಗಾರೆ ಎಲ್ಲ ಕೆರೆದು ತೆಗೆದ ತಂಡದ ಮುಖ್ಯಸ್ಥ ದ್ರಿಸ್. ಅವನಪ್ಪ ಮೊರಾಕೊದಿಂದ ನಮ್ಮ ಕೋಕೋ ಕಾರ್ಖಾನೆಗೆ ಬಂದವನು. ದ್ರಿಸ್ ಹುಟ್ಟಿದ್ದು ಝಾನ್‌ದಾಮಿನಲ್ಲೇ, ಬೈಗುಳ ಕಲಿತದ್ದೂ ಇಲ್ಲೇ. ಕೆಡವುವ ಕಸುಬಿನ ಎಲ್ಲರಂತೆ ಅವನೂ ಸೀಮ್‌ನನ್ನು ಮಾಮ ಎಂದೇ ಕರೆಯುತ್ತಿದ್ದ. ಒಂದು ಬೆಳಿಗ್ಗೆ ಅವನು ನೇರ ರಸ್ತೆ ರಾಶಿಗೆ ಹೋಗಿ, ಎರಡು ಕೈ ತುಂಬ ಜಲ್ಲಿ ತುಂಬಿಕೊಂಡು ಗೂಡಿನೊಳಗೆ ಬಂದು ಮೇಜಿನ ಮೇಲೆ ಸುರಿದ.

"ಸೀಮ್ ಮಾಮ, ನೀನೇ ಹೇಳು. ಜೀವಮಾನವೆಲ್ಲ ಆರಿಸಿದೋನು ನೀನು. ಎಲ್ಲಿದೆ ಜಿಪ್ಸಮ್ ಇದರಲ್ಲಿ?"

"ಕಣ್ಣಿಗೆ ಕಾಣಲ್ಲ."

"ಮತ್ತೆ ಇದು ಯಾಕೆ ಬಡ್ಕೊಳ್ತಿದೆ? ಯಂತ್ರ ಸುಳ್ಳು ಹೇಳ್ತಿದೆ ಅನ್ನು, ನಾನು ಹೋಗಿ ವಿಲ್ಮಾ ಮುಂದೆ ಕೂಗಾಡ್ತೀನಿ." ವಿಲ್ಮಾ ಎಂದರೆ ಯಾರ್ಡಿನ ಒಡತಿ.

ಸೀಮ್ ಮೇಜಿನ ಮೇಲಿದ್ದ ಜಲ್ಲಿ ನೋಡುತ್ತ ಕುಳಿತ. "ಯಂತ್ರ ಸುಳ್ಳು ಹೇಳಲ್ಲ," ಎಂದ. ಅದು ನಿಜವೇ ಆಗಿತ್ತು. ಆದರೂ ಅವನ ಕಿವಿ ಬಿಸಿಯಾಯಿತು.

"ಹಾಗಾದ್ರೆ ನನ್ನೋರು ಯಾರೋ ಸುಳ್ಳು ಹೇಳ್ತಿದಾರೆ," ಎಂದ ದ್ರಿಸ್. ದನಿ ಇಳಿದಿತ್ತು. "ಸೀಲಿಂಗೆಲ್ಲ ತಾದೆಕ್ ಕೆರೆದದ್ದು. ಆ ಪೋಲೆಂಡಿನೋನು, ಗೊತ್ತಲ್ಲ? ಏಣಿ ಮೇಲೆ ಕತ್ತೆತ್ತಿಕೊಂಡು ದಿನವಿಡೀ ಕೆರೀತಾನೆ, ಆಮೇಲೆ ಅಂಗೈಯಲ್ಲಿ ಸವರಿ ಸವರಿ ನೋಡ್ತಾನೆ. ಅವನ ಕೆಲಸ ನಾನು ಒಂದಿನ ತಿರುಗಿ ನೋಡಿದೋನಲ್ಲ. ಈಗ ವಿಲ್ಮಾ ಹೇಳ್ತಾಳೆ, ಇನ್ನೊಂದು ಸಲ ಕೆಂಪಾದ್ರೆ ಮುಂದಿನ ಕೆಲಸ ನಮಗಿಲ್ಲವಂತೆ."

ಆ ದಿನ ಸೀಮ್‌ನ ಬ್ರೆಡ್ಡು ಡಬ್ಬಿಯಲ್ಲೇ ಉಳಿಯಿತು. ಮನೆಗೆ ಬಂದು ಸುತ್ತಿಗೆಯನ್ನು ಶೆಡ್ಡಿನ ಮೂಲೆಗೆ ಎಸೆದ. ಇನ್ನು ಮುಟ್ಟುವುದಿಲ್ಲ ಎಂದುಕೊಂಡ. ಹೇಳಿಬಿಡಬೇಕು ಎಂದೂ ಅಂದುಕೊಂಡ. ಆದರೆ ಹೇಳಿದರೆ ಯೋರಿಸ್ ಮತ್ತೆ ಆ ಗೇಟಿನೊಳಗೆ ಕಾಲಿಡುವುದಿಲ್ಲ. ಈ ಒಂದು ಯೋಚನೆಯಲ್ಲಿ ಮಿಕ್ಕ ಯೋಚನೆಗಳೆಲ್ಲ ಬಂದು ನಿಂತುಬಿಡುತ್ತಿದ್ದವು. ಬಿಡುವುದನ್ನೇನೋ ಬಿಟ್ಟ. ಗೆರೆ ಹಸಿರಾಯಿತು. ದ್ರಿಸ್ ನಿಟ್ಟುಸಿರು ಬಿಟ್ಟಿರಬೇಕು.

ಅಷ್ಟರಲ್ಲಿ ಯೋರಿಸ್ ಬೇರೆ ಯಾವುದೋ ವಿಷಯಕ್ಕೆ ಫೋನ್ ಮಾಡಿದವನು ಮಾತಿನ ಕೊನೆಗೆ ಹೇಳಿದ: "ಅಂದಹಾಗೆ ಸೀಮ್, ವಸಂತಕ್ಕೆ ನನ್ನನ್ನ ರಾಟರ್‌ಡ್ಯಾಮ್ ಕಡೆ ಹಾಕ್ತಿದಾರೆ. ನಿಮ್ಮ ಕಡೆಗೆ ಬೇರೆ ಯಾರೋ ಬರ್ತಾರೆ."

"ಹೌದಾ? ಒಳ್ಳೇದು," ಎಂದ ಸೀಮ್. ಫೋನು ಇಟ್ಟ ಮೇಲೂ ಅದರ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದ.

ಒಂದೇ ಒಂದು ಸಲ. ಇನ್ನೊಂದು ಸಲ ಎದುರಿಗೆ ಕುಳಿತು ಕಾಫಿ ಕುಡಿದು, ಕೈ ಕುಲುಕಿ ಕಳಿಸಿಬಿಡಬೇಕು. ಮನುಷ್ಯ ಇಂಥ ಹೊತ್ತಿನಲ್ಲಿ ಎಷ್ಟು ಮೂರ್ಖನಾಗುತ್ತಾನೆಂದರೆ, ದ್ರಿಸ್, ತಾದೆಕ್, ಶಾಲೆ ಎಲ್ಲ ಅವನ ತಲೆಯಿಂದ ಜಾರಿಹೋದವು. ಶೆಡ್ಡಿನಲ್ಲಿ ಬಣ್ಣವಿಲ್ಲದ ಬಾತು ಒಂದೂ ಉಳಿದಿರಲಿಲ್ಲ. ಅವನು ಮನೆಯೊಳಗೆ ಬಂದು, ಬೀದಿಗೆ ಮುಖ ಮಾಡಿ ನಿಂತಿದ್ದ ಜೋಡಿಯಲ್ಲಿ ಒಂದನ್ನು ಕಿಟಕಿಯ ಕಟ್ಟೆಯಿಂದ ಎತ್ತಿಕೊಂಡ. ಈ ಸಲ "ಕ್ಷಮಿಸೇ" ಎನ್ನದೆಯೇ ಸುತ್ತಿಗೆ ಎತ್ತಿದ.

ಯೋರಿಸ್ ಬಂದ. ಗಾಜು ಒರೆಸಲಿಲ್ಲ, ಬಿಲ್ಲೆ ಹಿಡಿಯಲಿಲ್ಲ. ಪರದೆಯ ಮೇಲೆ ಕಿಡಿಯ ಬೆಳಕಿನ ಗೆರೆಗಳನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದ.

"ಸೀಮ್, ಜಿಪ್ಸಮ್ ಜೊತೆ ಕೋಬಾಲ್ಟ್ ಕಾಣ್ತಿದೆ. ಕೋಬಾಲ್ಟ್ ಅಂದ್ರೆ ನೀಲಿ, ದುಬಾರಿ ನೀಲಿ. ಶಾಲೆ ಸೀಲಿಂಗಿಗೆ ಅದನ್ನ ಯಾರು ಬಳೀತಾರೆ?"

ಸೀಮ್ ಕಾಫಿ ಬಗ್ಗಿಸುತ್ತಿದ್ದ. ಯೋರಿಸ್ ಹೊರಗೆ ಹೋಗಿ, ನಿಲ್ಲಿಸಿದ್ದ ಬೆಲ್ಟಿನುದ್ದಕ್ಕೂ ಬಗ್ಗಿ ಹುಡುಕಿ, ಉಗುರಿನಷ್ಟು ಅಗಲದ ಒಂದು ಚೂರು ಹಿಡಿದುಕೊಂಡು ಬಂದ. ಒಂದು ಬದಿ ಬಿಳಿ, ಇನ್ನೊಂದು ಬದಿ ರಿಬ್ಬನ್ನಿನ ನೀಲಿ. ನಮ್ಮ ಜನ ಸುತ್ತಿಬಳಸಿ ಕೇಳುವವರಲ್ಲ.

"ಇದನ್ನ ನೀನು ಹಾಕಿದ್ದಾ?"

"ಹೂಂ."

"ಇಷ್ಟು ದಿನವೂ ನೀನೇನಾ?"

"ಮೊದಲ್ನೇದು ಬಿಟ್ಟು. ಸಿನಿಮಾದ್ದು ನಿಜ."

"ಯಾಕೋ?"

"ನೀನು ಬರ್ತೀಯ ಅಂತ."

ಯೋರಿಸ್ ಕುರ್ಚಿಯಲ್ಲಿ ಕುಳಿತುಬಿಟ್ಟ. ಕೈಯಲ್ಲಿದ್ದ ನೀಲಿ ಚೂರನ್ನು ಮೇಜಿನ ಮೇಲಿಟ್ಟ. ಕೊನೆಗೆ, "ಫೋನ್ ಮಾಡಬಹುದಿತ್ತಲ್ಲ," ಎಂದ.

"ಮಾಡಿ ಏನಂತ ಹೇಳ್ಲಿ? ಜಲ್ಲಿ ಚೆನ್ನಾಗಿದೆ, ಸುಮ್ನೆ ಬಾ ಅಂತಲಾ? ಬರ್ತಿದ್ಯಾ?"

ಯೋರಿಸ್ ಯೋಚನೆ ಮಾಡಿದ. ಸುಳ್ಳು ಹೇಳಿದ್ದರೆ ಒಳ್ಳೆಯದಿತ್ತು. "ಗೊತ್ತಿಲ್ಲ ಸೀಮ್," ಎಂದ. "ಪ್ರಾಯಶಃ ಬರ್ತಿರಲಿಲ್ಲ."

ಅವನು ವರದಿ ಬರೆಯುವ ಮೊದಲು ಸೀಮ್ ತಾನೇ ವಿಲ್ಮಾಳ ಕೋಣೆಗೆ ಹೋಗಿ ಎಲ್ಲ ಹೇಳಿದ. ಅವಳು ಕೂಗಾಡಲಿಲ್ಲ. "ಮನೆಗಳಿಗೆ ಹೋಗಬೇಕಾದ ಜಲ್ಲಿ ರಸ್ತೆ ಕೆಳಗೆ ಹೋಯ್ತು, ಸೀಮ್. ದ್ರಿಸ್‌ಗೆ ನಾನು ಏನೇನೋ ಅಂದೆ, ಇವತ್ತು ಬೆಳಿಗ್ಗೆ ಮುಂದಿನ ಕೆಲಸವನ್ನೂ ಕಿತ್ಕೊಂಡೆ," ಎಂದು ಕಿಟಕಿಯ ಕಡೆ ತಿರುಗಿದಳು. ಅಲ್ಲಿಂದಲೇ, "ನೀನು ಒಬ್ನೇ ಇರ್ತೀಯ ಅಂತ ಗೊತ್ತಿತ್ತು ನನಗೆ. ಹೇಗಿದೀಯ ಅಂತ ಕೇಳಬೇಕು ಅಂದ್ಕೊಂಡಿದ್ದೆ," ಎಂದಳು.

"ಯಾವಾಗ?"

"ಒಂದಿನ," ಎಂದಳು ವಿಲ್ಮಾ, ಹೇಳಿ ನಾಚಿಕೊಂಡಳು.

ನಿವೃತ್ತಿಯನ್ನು ಕೆಲವು ತಿಂಗಳು ಮುಂಚಿತವಾಗಿಯೇ ಕೊಟ್ಟು ಅವನನ್ನು ಮನೆಗೆ ಕಳಿಸಿದರು. ದ್ರಿಸ್‌ನ ತಂಡಕ್ಕೆ ಕೆಲಸ ಮರಳಿ ಸಿಕ್ಕಿತು. ಯೋರಿಸ್ ಗೇಟಿನವರೆಗೂ ಬಂದು ಸೀಮ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಿಗೋಣ ಎಂದ. ಡೈರಿ ತೆಗೆಯಲಿಲ್ಲ. ಸೀಮ್ ಅವನ ಮೇಲೆ ಸಿಟ್ಟಾಗಲಿಲ್ಲ, ಆಗಬೇಕಿತ್ತು ಎಂದು ಅವನಿಗೆ ಈಗಲೂ ಅನಿಸುವುದಿಲ್ಲ.

ಮನೆಯಲ್ಲಿ ಈಗ ಚಟಚಟ ಸದ್ದೂ ಇಲ್ಲ. ಅವನು ಬೇಗ ಏಳುತ್ತಿದ್ದ, ಅಭ್ಯಾಸಬಲದಿಂದ ಬುತ್ತಿ ಕಟ್ಟುತ್ತಿದ್ದ, ಹತ್ತು ಗಂಟೆಗೆ ಅಡುಗೆಮನೆಯಲ್ಲೇ ಬಿಚ್ಚಿ ತಿನ್ನುತ್ತಿದ್ದ. ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಮನೆಯ ಗಂಟೆ ಬಾರಿಸಿತು. ಪಕ್ಕದ ಮನೆಯವರ ಪಾರ್ಸೆಲ್ ಇರಬೇಕೆಂದು ಬಾಗಿಲು ತೆರೆದ. ದ್ರಿಸ್ ನಿಂತಿದ್ದ.

"ಬೈಯೋಕೆ ಬಂದಿದೀನಿ," ಎಂದ. "ಬಾಗಿಲಲ್ಲೇ ಬೈಲಾ, ಒಳಗೆ ಬಂದು ಬೈಲಾ?"

"ಒಳಗೆ ಬಾ. ಕಾಫಿ ಇಡ್ತೀನಿ."

"ಕಾಫಿ ಕೊಟ್ಟು ಬಾಯಿ ಮುಚ್ಚಿಸೋಕೆ ನೋಡಬೇಡ ಮಾಮ."

ಅವನು ಕೂರಲಿಲ್ಲ. ಅಂಗಿಯ ತೋಳು ಮಡಚಿಕೊಂಡು ಕೋಣೆಯ ಉದ್ದಗಲ ಓಡಾಡುತ್ತ ಬೈದ. ನಾಚಿಕೆಯಿಲ್ಲದವನೇ ಎಂದ, ಮುದಿ ಕತ್ತೆ ಎಂದ. ತನ್ನ ತಾಯಿಯ ಭಾಷೆಯಲ್ಲೂ ನಾಲ್ಕು ಮಾತು ಅಂದ. ಸೀಮ್ ಕೈಕಟ್ಟಿಕೊಂಡು ಕೇಳಿದ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಇನ್ನೊಬ್ಬರ ದನಿ ಕೇಳಿಸುತ್ತಿತ್ತು. ಬೈಸಿಕೊಳ್ಳುತ್ತಲೇ ಅವನಿಗೆ ಹಾಯೆನಿಸಿತು, ಹಾಗೆನಿಸಿದ್ದಕ್ಕೆ ಮತ್ತಷ್ಟು ನಾಚಿಕೆಯೂ ಆಯಿತು.

"ನನ್ನ ಕೆಲಸ ನನಗೆ ವಾಪಸ್ ಬಂತು. ಅದಕ್ಕಲ್ಲ ನಾನು ಬಂದದ್ದು," ಎಂದ ದ್ರಿಸ್, ಕೊನೆಗೆ ದಣಿದು. "ಕೆಲಸ ಹೋದ ದಿನ ತಾದೆಕ್‌ನ ನಾನು ಎಲ್ಲರ ಮುಂದೆ ಕಳ್ಳಗೆಲಸದೋನು ಅಂದುಬಿಟ್ಟೆ. ಏನೂ ಮಾತಾಡ್ಲಿಲ್ಲ ಅವನು. ಕೆರೆಯೋ ಅಲಗು ಒರೆಸಿ ಪೆಟ್ಟಿಗೆಗೆ ಹಾಕ್ಕೊಂಡು ಹೋದ. ಈಗ ಫೋನ್ ಮಾಡಿದ್ರೆ ಎತ್ತಲ್ಲ. ನಾನು ಬರೆದು ಕಳಿಸಿದ್ದನ್ನ ಓದಿಯೂ ಇಲ್ಲ. ತನ್ನ ಕೆಲಸದಲ್ಲೇ ಎಲ್ಲೋ ಜಿಪ್ಸಮ್ ಉಳಿದಿತ್ತು ಅಂತಲೇ ಅಂದ್ಕೊಂಡು ಕೂತಿರ್ತಾನೆ. ನಿನ್ನ ಒಂದು ಕಪ್ ಕಾಫಿಗೋಸ್ಕರ, ಮಾಮ."

ಸೀಮ್ ಇಷ್ಟು ದಿನ ಈ ಕಥೆಯಲ್ಲಿ ಕಳೆದುಕೊಂಡವನು ತಾನೊಬ್ಬನೇ ಎಂದುಕೊಂಡಿದ್ದ. "ಅವನ ಮನೆ ಗೊತ್ತಾ ನಿನಗೆ?" ಎಂದು ಕೇಳಿದ.

"ಗೊತ್ತು. ಹೋದ್ರೆ ಬಾಗಿಲು ತೆಗೀತಾನೋ ಇಲ್ವೋ."

"ಈಗಲೇ ಹೋಗೋಣ," ಎಂದ ಸೀಮ್, ಕೋಟು ತೊಟ್ಟುಕೊಳ್ಳುತ್ತ.

ತಾದೆಕ್ ಇದ್ದದ್ದು ರೈಲು ನಿಲ್ದಾಣದ ಆಚೆಯ ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿ. ದಾರಿಯುದ್ದಕ್ಕೂ ಸೀಮ್ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ಆಫ್ಕೆಯಿಂದ ಶುರು ಮಾಡಬೇಕು. ಗೂಡು ಎಷ್ಟು ಮೌನವಾಗಿತ್ತೆಂದು ಹೇಳಬೇಕು. ಮೊದಲ ಬಾತು ಮುರಿದದ್ದೇ ಆಗಿತ್ತು ಎನ್ನುವುದನ್ನೂ ಹೇಳಬೇಕು. ಯಾಕೆ ಮಾಡಿದೆ ಎಂದು ಅವನು ಕೇಳಿಯೇ ಕೇಳುತ್ತಾನೆ, ಕೇಳಿದರೆ ಅರ್ಥವಾಗುವ ಹಾಗೆ ಹೇಳಬೇಕು. ದ್ರಿಸ್ ಮೆಟ್ಟಿಲ ತಿರುವಿನಲ್ಲೇ ನಿಂತುಬಿಟ್ಟ. ಸೀಮ್ ಒಬ್ಬನೇ ಹೋಗಿ ಗಂಟೆ ಒತ್ತಿದ.

ಬಾಗಿಲು ತೆರೆದವನು ಕುಳ್ಳಗಿನ, ನರೆತ ಗಡ್ಡದ ಮನುಷ್ಯ. ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆಯಿತ್ತು. ಒಳಗಿಂದ ಎಲೆಕೋಸು ಬೇಯುವ ವಾಸನೆ ಬರುತ್ತಿತ್ತು.

"ನಾನು ಸೀಮ್. ಯಾರ್ಡಿನಲ್ಲಿ ಲೇಸರ್ ಹತ್ರ ಕೂರ್ತಿದ್ದೆ."

ತಾದೆಕ್‌ನ ಮುಖ ಬಿಗಿದುಕೊಂಡಿತು. "ಸರಿಯಾಗಿ ಕೆರೆದಿಲ್ಲ ಅಂತ ಹೇಳೋಕೆ ಮನೆವರೆಗೂ ಬಂದ್ರಾ?"

"ಇಲ್ಲ. ಆ ಜಿಪ್ಸಮ್ ಹಾಕಿದ್ದು ನಾನು. ನನ್ನ ಕೈಯಾರೆ ಹಾಕಿದೆ. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ."

ಯಾಕೆ ಎಂದು ತಾದೆಕ್ ಕೇಳಲಿಲ್ಲ. ಸೀಮ್ ಜೋಡಿಸಿಕೊಂಡು ಬಂದ ಮಾತೆಲ್ಲ ಅವನ ಬಾಯಲ್ಲೇ ಉಳಿಯಿತು.

"ಏನೂ ಇರಲಿಲ್ವಾ ನಮ್ಮದರಲ್ಲಿ?" ಎಂದು ಕೇಳಿದ ತಾದೆಕ್. "ಒಂದು ಚೂರೂ?"

"ಒಂದು ಚೂರೂ ಇರಲಿಲ್ಲ. ನಾನು ಹಾಕದ ದಿನ ಗೆರೆ ಹಸಿರಾಗೇ ಇತ್ತು. ಬೆಳಿಗ್ಗೆಯಿಂದ ಸಂಜೆವರೆಗೂ ಹಸಿರು."

ತಾದೆಕ್ ಅವನನ್ನು ಇನ್ನೊಮ್ಮೆ ದಿಟ್ಟಿಸಿ ನೋಡಿದ. ಆಮೇಲೆ ಒಳಗೆ ತಿರುಗಿ ತನ್ನ ಭಾಷೆಯಲ್ಲಿ ಜೋರಾಗಿ ಹೆಂಡತಿಯನ್ನು ಕೂಗುತ್ತ, ಕಾಲಿನಿಂದಲೇ ಬಾಗಿಲು ತಳ್ಳಿದ. ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದದ್ದು ಕೇಳಿಸಿತು. ಹೆಂಡತಿಯ ದನಿಯೂ ಸೇರಿತು.

"ಏನಂತಿದಾನೆ?" ಎಂದು ಸೀಮ್ ಮೆಟ್ಟಿಲ ಕಡೆ ನೋಡಿ ಕೇಳಿದ. ದ್ರಿಸ್ ಪೋಲೆಂಡಿನವರ ಜೊತೆ ವರ್ಷಗಳಿಂದ ಕೆಲಸ ಮಾಡಿದವನು.

"ಚೊಕ್ಕಟವಾಗಿತ್ತಂತೆ, ಚೊಕ್ಕಟವಾಗಿತ್ತಂತೆ ಅಂತಿದಾನೆ," ಎಂದ ದ್ರಿಸ್, ಮುಖ ಆ ಕಡೆ ತಿರುಗಿಸಿಕೊಂಡು.

ಸೀಮ್ ಮುಚ್ಚಿದ ಬಾಗಿಲ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಒಳಗೆ ಕರೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮೆಟ್ಟಿಲಿಳಿದ.